ದೋಣಿಮನೆಯ ಬ್ಯಾಟರಿ: ತುಂಬಿಸುವ ಬಗೆ, ಅಳೆಯುವ ಬಗೆ

ಇಂಗ್ಲೆಂಡಿನ ಕಾಲುವೆ ದಂಡೆಗಳಲ್ಲಿ ಸಾಲಾಗಿ ಕಟ್ಟಿ ನಿಲ್ಲಿಸಿದ ಉದ್ದನೆಯ ಉಕ್ಕಿನ ದೋಣಿಗಳಿಗೆ ನ್ಯಾರೋಬೋಟ್ ಎಂದು ಹೆಸರು. ಅಗಲ ಏಳಡಿಗೂ ತುಸು ಕಡಿಮೆ, ಉದ್ದ ಎಪ್ಪತ್ತು ಅಡಿಯವರೆಗೆ. ಹದಿನೆಂಟನೇ ಶತಮಾನದಲ್ಲಿ ಕಟ್ಟಿದ ಕಾಲುವೆಗಳಲ್ಲಿ ನೀರಿನ ಮಟ್ಟ ಏರಿಳಿಸಿ ದೋಣಿ ದಾಟಿಸುವ ಲಾಕ್‌ಗಳು ಏಳಡಿ ಅಗಲ ಇದ್ದುದರಿಂದ ದೋಣಿಗಳೂ ಅದೇ ಅಳತೆಗೆ ಬಂದವು. ಒಂದು ಕಾಲಕ್ಕೆ ಕಲ್ಲಿದ್ದಲು ಹೊತ್ತ ಈ ಬಗೆಯ ದೋಣಿಗಳಲ್ಲಿ ಈಗ ಸಾವಿರಾರು ಜನ ವರ್ಷವಿಡೀ ಸಂಸಾರ ಮಾಡುತ್ತಾರೆ. ಲಂಡನ್ನಿನ ಮನೆ ಬಾಡಿಗೆ ಕೈಗೆಟುಕದೆ ದೋಣಿ ಹತ್ತಿದವರು ಇದ್ದಾರೆ, ನೀರಿನ ಮೇಲಿನ ಬದುಕು ಬೇಕೆಂದೇ ಹತ್ತಿದವರೂ ಇದ್ದಾರೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 3,200 ಕಿ.ಮೀ. ಜಲಮಾರ್ಗವನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಕಾಯಂ ತಂಗುದಾಣ ಇಲ್ಲದ ದೋಣಿ ಸಾಮಾನ್ಯವಾಗಿ ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎನ್ನುತ್ತದೆ 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆ. ಹೀಗೆ ಊರೂರು ಸಾಗುವ ದೋಣಿಗೆ ಕರೆಂಟಿನ ತಂತಿ ಎಲ್ಲಿಂದ ಬರಬೇಕು? ದೀಪ, ಫ್ರಿಜ್, ನೀರಿನ ಪಂಪು, ಲ್ಯಾಪ್‌ಟಾಪ್ ಎಲ್ಲಕ್ಕೂ ಬೇಕಾದ ವಿದ್ಯುತ್ತನ್ನು ದೋಣಿಯಲ್ಲೇ ಉತ್ಪಾದಿಸಿ, ಬ್ಯಾಟರಿಯಲ್ಲಿ ಕೂಡಿಟ್ಟು ಬಳಸಬೇಕು.

ದೋಣಿಗೆ ಹೊಸಬರಾದವರು ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಬ್ಯಾಟರಿ ಕೆಡಿಸಿಕೊಳ್ಳುವುದು ಬಹಳ ಸಾಮಾನ್ಯ. ಐದಾರು ವರ್ಷ ಬಾಳಬೇಕಾದ ಬ್ಯಾಟರಿ ಕೆಲವೇ ತಿಂಗಳಲ್ಲಿ ಕೈಕೊಟ್ಟರೆ ಅದರ ಗುಣಮಟ್ಟದ ಮೇಲೆ ದೂರು ಹೋಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಕಾರಣ ಬೇರೆಯೇ ಇರುತ್ತದೆ. ಆ ಬ್ಯಾಟರಿ ಬಳಸಿ ಸವೆದದ್ದಲ್ಲ, ಪೂರ್ತಿ ತುಂಬದೆ ಸತ್ತದ್ದು. ಪೂರ್ತಿ ತುಂಬಿಸುವುದು ಹೇಗೆ, ತುಂಬಿದೆ ಎಂದು ಖಚಿತವಾಗಿ ತಿಳಿಯುವುದು ಹೇಗೆ ಎಂಬ ಎರಡೇ ವಿಷಯ ಕಲಿತರೆ ದೋಣಿಯ ವಿದ್ಯುತ್ ಸಂಸಾರ ನೆಟ್ಟಗಾಗುತ್ತದೆ.

ಬ್ಯಾಟರಿ ಎರಡು ಬಗೆ

ದೋಣಿಯಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬೇರೆ ಬ್ಯಾಟರಿ ವ್ಯವಸ್ಥೆ ಇರುತ್ತದೆ. ಎಂಜಿನ್ ಚಾಲೂ ಮಾಡಲು ಒಂದು ಸ್ಟಾರ್ಟರ್ ಬ್ಯಾಟರಿ. ಇದರ ಸೀಸದ ಫಲಕಗಳು ತೆಳ್ಳಗೆ, ಸಂಖ್ಯೆಯಲ್ಲಿ ಹೆಚ್ಚು. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದು ಇದರ ಕೆಲಸ. ಮನೆಬಳಕೆಗೆ ಇರುವುದು ಲೀಷರ್ ಬ್ಯಾಟರಿ. ನಿಧಾನವಾಗಿ ಗಂಟೆಗಟ್ಟಲೆ ಕರೆಂಟ್ ಕೊಡಲು ಇದನ್ನು ಮಾಡಿರುತ್ತಾರೆ. ನಮ್ಮೂರ ಮನೆಗಳಲ್ಲಿ ಯುಪಿಎಸ್‌ಗೆ ಜೋಡಿಸುವ ಟ್ಯೂಬುಲರ್ ಬ್ಯಾಟರಿಯೂ ಇದೇ ಕೆಲಸಕ್ಕೆ ಆದದ್ದು. ಇಂಥ ಮೂರು ನಾಲ್ಕು ಬ್ಯಾಟರಿಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಅದು ಒಂದು ಬ್ಯಾಂಕ್.

ಮನೆಬಳಕೆಯ ಬ್ಯಾಂಕ್ ಬರಿದಾದರೂ ಎಂಜಿನ್ ಚಾಲೂ ಆಗಬೇಕು. ಅದಕ್ಕಾಗಿ ಎರಡನ್ನೂ ಬೇರೆ ಇಟ್ಟು, ಎಂಜಿನ್ ಓಡುವಾಗ ಮಾತ್ರ ಕೂಡಿಸುವ ರಿಲೇ ಹಾಕಿರುತ್ತಾರೆ. ದೋಣಿ ಕೊಂಡ ತಕ್ಷಣ ಈ ರಿಲೇ ಎಲ್ಲಿದೆ, ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳಿ.

ಬ್ಯಾಂಕ್ ಜೋಡಿಸುವುದರಲ್ಲೂ ಒಂದು ಕ್ರಮವಿದೆ. ಪಾಸಿಟಿವ್ ತಂತಿಯನ್ನು ಸಾಲಿನ ಒಂದು ತುದಿಯ ಬ್ಯಾಟರಿಯಿಂದಲೂ ನೆಗೆಟಿವ್ ತಂತಿಯನ್ನು ಇನ್ನೊಂದು ತುದಿಯ ಬ್ಯಾಟರಿಯಿಂದಲೂ ತೆಗೆಯಬೇಕು. ಎರಡನ್ನೂ ಒಂದೇ ಬ್ಯಾಟರಿಯಿಂದ ತೆಗೆದರೆ ದುಡಿಮೆಯೆಲ್ಲ ಅದರ ತಲೆಗೇ ಬರುತ್ತದೆ, ಕೊನೆಯದು ಸರಿಯಾಗಿ ತುಂಬುವುದೂ ಇಲ್ಲ, ಖಾಲಿಯಾಗುವುದೂ ಇಲ್ಲ. ಹಳೆಯ ಬ್ಯಾಟರಿಯ ಜೊತೆ ಹೊಸದನ್ನು ಸೇರಿಸಬೇಡಿ. ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ.

ಮೊದಲು ಖರ್ಚಿನ ಲೆಕ್ಕ

ದಿನಕ್ಕೆ ಎಷ್ಟು ಬೇಕೆಂದು ಗೊತ್ತಿಲ್ಲದೆ ಎಷ್ಟು ತುಂಬಿಸಬೇಕೆಂದು ಹೇಳಲಾಗದು. ಬ್ಯಾಟರಿಯ ಅಳತೆ ಆಂಪಿಯರ್-ಅವರ್, ಅಂದರೆ ಎಎಚ್. 110 ಎಎಚ್ ಎಂದು ಬರೆದಿದ್ದರೆ 5.5 ಆಂಪಿಯರ್‌ನಂತೆ 20 ಗಂಟೆ ಕೊಡುತ್ತದೆ ಎಂದರ್ಥ. ಅದಕ್ಕಿಂತ ಜೋರಾಗಿ ಎಳೆದರೆ ಅಷ್ಟು ಸಿಗುವುದಿಲ್ಲ. ಈ ನಿಯಮವನ್ನು 1897ರಲ್ಲಿ ಜರ್ಮನಿಯ ಪಾಯ್ಕರ್ಟ್ ತೋರಿಸಿಕೊಟ್ಟ. ಆತನ ಹೆಸರು ಇಂದಿಗೂ ಬ್ಯಾಟರಿ ಮೀಟರುಗಳ ಸೆಟ್ಟಿಂಗ್‌ನಲ್ಲಿ ಉಳಿದಿದೆ.

ಲೆಕ್ಕ ಸುಲಭ. ಉಪಕರಣದ ವಾಟ್ ಅನ್ನು ಬ್ಯಾಟರಿಯ ವೋಲ್ಟೇಜ್ ಆದ 12ರಿಂದ ಭಾಗಿಸಿ, ಎಷ್ಟು ಗಂಟೆ ಬಳಸುತ್ತೀರೋ ಅದರಿಂದ ಗುಣಿಸಿ. ಇಬ್ಬರು ಇರುವ, ಒಬ್ಬರು ದೋಣಿಯಿಂದಲೇ ಕಚೇರಿ ಕೆಲಸ ಮಾಡುವ ಒಂದು ಸಂಸಾರದ ಮಾದರಿ ಲೆಕ್ಕ ಹೀಗಿರಬಹುದು:

- 12 ವೋಲ್ಟ್ ಫ್ರಿಜ್: 35 ಎಎಚ್
- ಲ್ಯಾಪ್‌ಟಾಪ್, 50 ವಾಟ್, ಆರು ಗಂಟೆ, ಇನ್ವರ್ಟರ್ ನಷ್ಟ ಸೇರಿ: 29 ಎಎಚ್
- ಇಂಟರ್‌ನೆಟ್ ರೂಟರ್, ದಿನವಿಡೀ: 12 ಎಎಚ್
- ಇನ್ವರ್ಟರ್ ಸುಮ್ಮನೆ ಆನ್ ಇದ್ದದ್ದಕ್ಕೆ, ಹತ್ತು ಗಂಟೆ: 10 ಎಎಚ್
- ಹೀಟಿಂಗ್ ಪಂಪು: 6 ಎಎಚ್
- ಎಲ್‌ಇಡಿ ದೀಪಗಳು: 4 ಎಎಚ್
- ಎರಡು ಮೊಬೈಲ್: 3 ಎಎಚ್
- ನೀರಿನ ಪಂಪು: 2 ಎಎಚ್

ಒಟ್ಟು 101 ಎಎಚ್. ಇಂಥ ಸೀಸದ, ಅಂದರೆ ಲೆಡ್ ಆಸಿಡ್, ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಅದರ ಆಯುಷ್ಯ ಹೆಚ್ಚು. ಆದ್ದರಿಂದ ದಿನಕ್ಕೆ 100 ಎಎಚ್ ಬಳಸುವವರಿಗೆ ಕನಿಷ್ಠ 200 ಎಎಚ್ ಬೇಕು, 400ರಷ್ಟಿದ್ದರೆ ಒಂದು ದಿನ ಚಾರ್ಜ್ ತಪ್ಪಿದರೂ ತೊಂದರೆಯಿಲ್ಲ.

ಪಟ್ಟಿಯಲ್ಲಿ ಕಣ್ಣಿಗೆ ಬೀಳಬೇಕಾದದ್ದು ಇನ್ವರ್ಟರ್. ಏನೂ ಜೋಡಿಸದಿದ್ದರೂ ಅದು ಬ್ಯಾಟರಿಯನ್ನು ತಿನ್ನುತ್ತಿರುತ್ತದೆ. ಲ್ಯಾಪ್‌ಟಾಪ್, ಮೊಬೈಲ್‌ಗಳನ್ನು ಕಾರಿನಲ್ಲಿ ಬಳಸುವಂಥ 12 ವೋಲ್ಟ್ ಚಾರ್ಜರ್‌ಗೆ ಬದಲಾಯಿಸಿ, ಇನ್ವರ್ಟರ್ ಆರಿಸಿಟ್ಟರೆ ದಿನಕ್ಕೆ ಹತ್ತು ಹದಿನೈದು ಎಎಚ್ ಉಳಿಯುತ್ತದೆ.

ಕನ್ನಡಿಗರ ಅಡುಗೆಮನೆಗೂ ಒಂದು ಮಾತು. 750 ವಾಟಿನ ಮಿಕ್ಸಿ ಇನ್ವರ್ಟರ್ ಮೂಲಕ ಬ್ಯಾಟರಿಯಿಂದ ಸುಮಾರು 70 ಆಂಪಿಯರ್ ಎಳೆಯುತ್ತದೆ. ಚಟ್ನಿಗೆ ಐದು ನಿಮಿಷ ಓಡಿಸಿದರೆ ಆರು ಎಎಚ್, ಅದು ಹೊರೆಯಲ್ಲ. ಅಷ್ಟೇ ಶಕ್ತಿಯ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಅರ್ಧ ಗಂಟೆ ಇಟ್ಟರೆ ಹೆಚ್ಚುಕಡಿಮೆ 35 ಎಎಚ್, ಅಂದರೆ ಇಡೀ ದಿನದ ಫ್ರಿಜ್ಜಿನ ಖರ್ಚು. ಅನ್ನ ಗ್ಯಾಸಿನ ಮೇಲೆ ಆಗಲಿ. ಬಿಸಿ ಮಾಡುವ ಯಾವ ಕೆಲಸವನ್ನೂ ಬ್ಯಾಟರಿಗೆ ಹಚ್ಚಬೇಡಿ.

ಕೊನೆಯ ಇಪ್ಪತ್ತು ಪಾಲೇ ಕಷ್ಟದ್ದು

ಲೆಡ್ ಆಸಿಡ್ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಕಂಡುಹಿಡಿದ. ಒಳಗಿನ ರಸಾಯನ ಅಂದಿನಿಂದ ಬದಲಾಗಿಲ್ಲ. ಕರೆಂಟ್ ಕೊಡುವಾಗ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಸಿಡ್ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಸಲ್ಫೇಟ್ ಕರಗಿ ಆಸಿಡ್ ಮತ್ತೆ ಗಟ್ಟಿಯಾಗುತ್ತದೆ.

ಚಾರ್ಜ್ ಆಗುವುದು ಮೂರು ಹಂತದಲ್ಲಿ. ಮೊದಲನೆಯದು ಬಲ್ಕ್. ಇದರಲ್ಲಿ ಚಾರ್ಜರ್ ಕೊಟ್ಟಷ್ಟನ್ನೂ ಬ್ಯಾಟರಿ ನುಂಗುತ್ತದೆ, ವೋಲ್ಟೇಜ್ ಮೆಲ್ಲಗೆ ಏರುತ್ತದೆ. ವೋಲ್ಟೇಜ್ 14.4ರಿಂದ 14.8ರ ನಡುವಿನ ನಿಗದಿತ ಮಟ್ಟ ಮುಟ್ಟಿದಾಗ ಎರಡನೆಯ ಹಂತ, ಅಬ್ಸಾರ್ಪ್ಶನ್. ಇಲ್ಲಿ ವೋಲ್ಟೇಜ್ ನಿಂತಿರುತ್ತದೆ, ಒಳಹೋಗುವ ಆಂಪಿಯರ್ ಇಳಿಯುತ್ತಾ ಬರುತ್ತದೆ. ತುಂಬಿದ ಮೇಲೆ ಸುಮಾರು 13.5 ವೋಲ್ಟ್‌ನಲ್ಲಿ ಹಾಗೇ ಕಾಯ್ದಿಡುವುದು ಮೂರನೆಯ ಹಂತ, ಫ್ಲೋಟ್. ನಿಮ್ಮ ಬ್ಯಾಟರಿಗೆ ಎಷ್ಟು ವೋಲ್ಟ್ ಬೇಕೆಂದು ತಯಾರಕರ ಹಾಳೆಯಲ್ಲಿ ನೋಡಿ. ಜೆಲ್ ಬ್ಯಾಟರಿಗೆ ತುಸು ಕಡಿಮೆ ಸಾಕು.

ಗೋಣಿ ಚೀಲಕ್ಕೆ ರಾಗಿ ತುಂಬಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮುಕ್ಕಾಲು ಚೀಲ ಸುರಿದಂತೆ ತುಂಬುತ್ತದೆ. ಮೇಲಿನ ಭಾಗಕ್ಕೆ ಚೀಲ ಕುಕ್ಕಿ ಕುಕ್ಕಿ, ಕಾಳು ಕೂತ ಮೇಲೆ ಮತ್ತಷ್ಟು ಹಾಕಬೇಕು. ಬ್ಯಾಟರಿಯೂ ಶೇ. 80ರವರೆಗೆ ಒಂದೆರಡು ಗಂಟೆಯಲ್ಲಿ ತುಂಬಿ, ಉಳಿದ 20ಕ್ಕೆ ನಾಲ್ಕೈದು ಗಂಟೆ ತೆಗೆದುಕೊಳ್ಳುತ್ತದೆ. ದೊಡ್ಡ ಚಾರ್ಜರ್ ತಂದು ಇದನ್ನು ಅವಸರಪಡಿಸಲಾಗದು.

ಈ ಕೊನೆಯ ಪಾಲನ್ನು ದಿನವೂ ಬಿಟ್ಟರೆ ಅಷ್ಟು ಸಲ್ಫೇಟ್ ಫಲಕದ ಮೇಲೆ ಉಳಿಯುತ್ತದೆ. ವಾರಗಟ್ಟಲೆ ಉಳಿದರೆ ಗಟ್ಟಿ ಹರಳಾಗಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. ಇದೇ ಸಲ್ಫೇಶನ್. ಮೊದಲು 400 ಎಎಚ್ ಇದ್ದ ಬ್ಯಾಂಕ್ 300ಕ್ಕೆ, 200ಕ್ಕೆ ಇಳಿಯುತ್ತದೆ. ಸಾಮರ್ಥ್ಯ ಇಳಿದ ಬ್ಯಾಂಕ್ ಅದೇ ಖರ್ಚಿಗೆ ಇನ್ನೂ ಆಳಕ್ಕೆ ಖಾಲಿಯಾಗುತ್ತದೆ, ಹಾಗಾಗಿ ಹಾಳಾಗುವ ವೇಗವೂ ಹೆಚ್ಚುತ್ತದೆ.

ಎಂಜಿನ್ ಬೆಳಿಗ್ಗೆ, ಬಿಸಿಲು ಮಧ್ಯಾಹ್ನ

ದೋಣಿಯಲ್ಲಿ ಚಾರ್ಜ್ ಆಗುವ ದಾರಿ ಮುಖ್ಯವಾಗಿ ಮೂರು: ಎಂಜಿನ್ನಿನ ಆಲ್ಟರ್ನೇಟರ್, ಛಾವಣಿಯ ಸೋಲಾರ್ ಫಲಕ, ಮರೀನಾದಲ್ಲಿ (ದೋಣಿ ನಿಲ್ದಾಣದಲ್ಲಿ) ಸಿಗುವ ದಡದ ಕರೆಂಟು.

ಆಲ್ಟರ್ನೇಟರ್ ಮೇಲೆ 70 ಆಂಪಿಯರ್ ಎಂದು ಬರೆದಿದ್ದರೆ ಎರಡು ಗಂಟೆಯಲ್ಲಿ 140 ಎಎಚ್ ಎಂದು ಲೆಕ್ಕ ಹಾಕುವವರು ಮೋಸಹೋಗುತ್ತಾರೆ. ಬಿಸಿಯಾದ ಆಲ್ಟರ್ನೇಟರ್ ಅಷ್ಟು ಕೊಡುವುದಿಲ್ಲ, ತುಂಬುತ್ತಾ ಬಂದ ಬ್ಯಾಟರಿ ಅಷ್ಟು ತೆಗೆದುಕೊಳ್ಳುವುದಿಲ್ಲ. 440 ಎಎಚ್ ಬ್ಯಾಂಕಿನಿಂದ 100 ಎಎಚ್ ಖರ್ಚಾಗಿದೆ ಎನ್ನಿ. ಲೆಡ್ ಆಸಿಡ್‌ನಲ್ಲಿ ಹಾಕಿದ್ದೆಲ್ಲ ವಾಪಸು ಬರುವುದಿಲ್ಲವಾದ್ದರಿಂದ 115ರಷ್ಟು ತುಂಬಬೇಕು. ಮೊದಲ ಎರಡು ಗಂಟೆಯಲ್ಲಿ 80 ಎಎಚ್ ಹೋಗಬಹುದು. ಮೂರನೇ ಗಂಟೆಯಲ್ಲಿ 15, ನಾಲ್ಕನೆಯದರಲ್ಲಿ 9, ಆಮೇಲೆ 6, ಅದಾದ ಮೇಲೆ 5. ಆರು ಗಂಟೆಗೆ ಅಂತೂ ತುಂಬಿತು. ಎರಡೇ ಗಂಟೆಗೆ ಎಂಜಿನ್ ನಿಲ್ಲಿಸಿ ದಿನ ಕಳೆಯುವವರ ಬ್ಯಾಟರಿ ಏಕೆ ಸಾಯುತ್ತದೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ಹಾಗೆಂದು ದಿನವೂ ಆರು ಗಂಟೆ ಎಂಜಿನ್ ಓಡಿಸುವುದು ಡೀಸೆಲ್‌ಗೂ ದಂಡ, ನೆರೆಯವರಿಗೂ ಕಿರಿಕಿರಿ. ಬೇರೆಯವರಿಗೆ ಕೇಳಿಸುವಷ್ಟು ಹತ್ತಿರ ದೋಣಿ ಕಟ್ಟಿದ್ದರೆ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಚಾರ್ಜಿಗಾಗಿ ಎಂಜಿನ್ ಓಡಿಸಬಾರದೆಂದು ಟ್ರಸ್ಟ್‌ನ ನಿಯಮವೂ ಇದೆ.

ಇದಕ್ಕೆ ಅನುಭವಿಗಳು ಕಂಡುಕೊಂಡ ಉಪಾಯ ಸರಳ. ಬ್ಯಾಟರಿ ಹಸಿದಿರುವ ಬೆಳಿಗ್ಗೆ ಎಂಜಿನ್ನಿಂದ ಒಂದೆರಡು ಗಂಟೆ ದೊಡ್ಡ ಪ್ರಮಾಣದ ಕರೆಂಟ್ ತುಂಬಿಸಿ. ಕಡಿಮೆ ಆಂಪಿಯರ್ ಸಾಕಾಗುವ ಕೊನೆಯ ಗಂಟೆಗಳನ್ನು ಸೋಲಾರಿಗೆ ಬಿಡಿ. ಸಂಜೆ ಎಂಜಿನ್ ಓಡಿಸಿದರೆ ಮುಂದೆ ಕತ್ತಲೆ, ಕೊನೆಯ ಪಾಲು ಬಾಕಿ ಉಳಿಯುತ್ತದೆ. ಎಂಜಿನ್ ಓಡುವಾಗಲೇ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಳ್ಳಿ. ಎಂಜಿನ್ನಿನ ಬಿಸಿಗೆ ಸ್ನಾನದ ನೀರೂ ಕಾಯುತ್ತದೆ.

ಸೋಲಾರ್‌ನ ಮಿತಿ ತಿಳಿದಿರಲಿ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆ, ಡಿಸೆಂಬರಿನದು ಎಂಟೇ ಗಂಟೆ. ಸೂರ್ಯ ಕೆಳಗಿದ್ದು ಮೋಡವೂ ಸೇರುವುದರಿಂದ, ಛಾವಣಿಗೆ ಚಪ್ಪಟೆಯಾಗಿ ಹಾಕಿದ ಫಲಕ ಜೂನಿನಲ್ಲಿ ಕೊಟ್ಟದ್ದರ ಹತ್ತನೇ ಒಂದು ಪಾಲು ಡಿಸೆಂಬರಿನಲ್ಲಿ ಕೊಟ್ಟರೆ ಹೆಚ್ಚು. ಮರದ ನೆರಳೂ ಸೇತುವೆಯ ನೆರಳೂ ಅದನ್ನು ಇನ್ನಷ್ಟು ತಗ್ಗಿಸುತ್ತವೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 400 ವಾಟ್ ಫಲಕ ಮಿತವ್ಯಯದ ಸಂಸಾರವನ್ನು ಬಹುಮಟ್ಟಿಗೆ ಸಾಕಬಲ್ಲದು. ನವೆಂಬರ್‌ನಿಂದ ಫೆಬ್ರವರಿವರೆಗೆ ಅದನ್ನು ನಂಬಬೇಡಿ. ಆ ತಿಂಗಳುಗಳಲ್ಲಿ ದೋಣಿ ಜಾಗ ಬದಲಿಸುವ ದಿನವನ್ನೇ ಪೂರ್ತಿ ಚಾರ್ಜಿನ ದಿನವಾಗಿ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಏಳೆಂಟು ಗಂಟೆ ಸಾಗಿದರೆ ಊರೂ ಬದಲಾಗುತ್ತದೆ, ಬ್ಯಾಟರಿಯೂ ತುಂಬುತ್ತದೆ. ಅದಾಗದಿದ್ದರೆ ಆಗೀಗ ಒಂದು ರಾತ್ರಿ ಮರೀನಾದಲ್ಲಿ ದಡದ ಕರೆಂಟಿಗೆ ಜೋಡಿಸಿ.

ಚಳಿಗೆ ಇನ್ನೊಂದು ಲೆಕ್ಕವಿದೆ. ತಯಾರಕರು ಹೇಳುವ ವೋಲ್ಟೇಜ್ ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್‌ಗೆ ಸಂಬಂಧಿಸಿದ್ದು. 5 ಡಿಗ್ರಿಯಲ್ಲಿ ಬ್ಯಾಟರಿಗೆ ಸುಮಾರು ಅರ್ಧ ವೋಲ್ಟ್ ಹೆಚ್ಚು ಬೇಕು. ಬ್ಯಾಟರಿಯ ಮೈಗೆ ಅಂಟಿಸುವ ಉಷ್ಣತೆಯ ಸೆನ್ಸರ್ ಇದ್ದರೆ ಚಾರ್ಜರ್ ತಾನೇ ಸರಿಪಡಿಸಿಕೊಳ್ಳುತ್ತದೆ.

ತುಂಬಿದೆಯೇ? ಕೇಳಬೇಕಾದದ್ದು ಆಂಪಿಯರನ್ನು

ಎಂಜಿನ್ ಓಡುವಾಗ ಮೀಟರ್ 14.4 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿತು ಎಂದುಕೊಳ್ಳುವುದು ದೊಡ್ಡ ತಪ್ಪುಗ್ರಹಿಕೆ. ಆಗ ಕಾಣುವುದು ಚಾರ್ಜರಿನ ವೋಲ್ಟೇಜ್. ಸೋಲಾರ್ ನಿಯಂತ್ರಕದ ಮೇಲಿನ ಹಸಿರು ದೀಪವೂ ಪ್ರಮಾಣವಲ್ಲ. ಎಷ್ಟೋ ಚಾರ್ಜರುಗಳು ಗಡಿಯಾರ ನೋಡಿ ಫ್ಲೋಟ್‌ಗೆ ಇಳಿಯುತ್ತವೆ, ಬ್ಯಾಟರಿಯನ್ನು ಕೇಳುವುದಿಲ್ಲ.

ನಂಬಬಹುದಾದ ಪರೀಕ್ಷೆ ಇದು: ವೋಲ್ಟೇಜ್ ತನ್ನ ಮೇಲಿನ ಮಟ್ಟದಲ್ಲಿ, ಅಂದರೆ 14.4ರ ಮೇಲೆ, ನಿಂತಿರುವಾಗ ಬ್ಯಾಟರಿಗೆ ಹೋಗುವ ಕರೆಂಟ್ ಅದರ ಸಾಮರ್ಥ್ಯದ ಶೇ. 1ರಿಂದ 2ಕ್ಕೆ ಇಳಿದು, ಇನ್ನು ಇಳಿಯದೆ ನಿಂತರೆ ಬ್ಯಾಟರಿ ತುಂಬಿದೆ. 440 ಎಎಚ್ ಬ್ಯಾಂಕಿಗೆ ಇದು 4ರಿಂದ 9 ಆಂಪಿಯರ್. ಇದಕ್ಕೆ ಟೇಲ್ ಕರೆಂಟ್ ಎನ್ನುತ್ತಾರೆ. ಎಷ್ಟು ಗಂಟೆ ಎಂಜಿನ್ ಓಡಿತು ಎನ್ನುವುದಕ್ಕಿಂತ ಈ ಅಂಕಿ ಮುಖ್ಯ.

ಅಳತೆಯ ಸಾಧನಗಳು ನಾಲ್ಕು, ಒಂದೊಂದಕ್ಕೂ ಒಂದೊಂದು ಗುಣ.

ಮಲ್ಟಿಮೀಟರ್ ಎಲ್ಲಕ್ಕಿಂತ ಅಗ್ಗ. ಬ್ಯಾಟರಿ ಕೆಲವು ಗಂಟೆ ವಿಶ್ರಾಂತಿಯಲ್ಲಿ ಇದ್ದಾಗ ಅಳೆದರೆ ಮಾತ್ರ ಅದು ಹೇಳುವುದು ನಿಜ. 12.7ರಿಂದ 12.8 ಇದ್ದರೆ ತುಂಬಿದೆ, 12.4ರಿಂದ 12.5 ಮುಕ್ಕಾಲು, 12.2 ಅರ್ಧ, 12.0 ಕಾಲು, 11.8ಕ್ಕೆ ಹೆಚ್ಚುಕಡಿಮೆ ಬರಿದು. ಬೆಳಗಿನ ಜಾವ, ಬಿಸಿಲು ಬೀಳುವ ಮೊದಲು, ಫ್ರಿಜ್ ಆಫ್ ಆಗಿರುವಾಗ ನೋಡುವುದು ಒಳ್ಳೆಯದು. ಚಾರ್ಜ್ ಆಗುವಾಗಲೂ ಒಮ್ಮೆ ಬ್ಯಾಟರಿಯ ಟರ್ಮಿನಲ್ ಮೇಲೆಯೇ ಅಳೆಯಿರಿ. ಆಲ್ಟರ್ನೇಟರ್ ಬಳಿ 14.4 ಇದ್ದು ಬ್ಯಾಟರಿ ಬಳಿ 13.9 ಮಾತ್ರ ಇದ್ದರೆ ಮಧ್ಯದ ತಂತಿ ತೆಳುವಾಗಿದೆ, ಇಲ್ಲವೇ ಜೋಡಣೆಗೆ ತುಕ್ಕು ಹಿಡಿದಿದೆ.

ಹೈಡ್ರೋಮೀಟರ್ ಹಳೆಯ ಸಾಧನ. ಮುಚ್ಚಳ ತೆರೆಯಬಹುದಾದ ಬ್ಯಾಟರಿಗೆ ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಇಲ್ಲ. ಆಸಿಡ್‌ನ ಸಾಂದ್ರತೆ 1.265ರಿಂದ 1.280 ಇದ್ದರೆ ತುಂಬಿದೆ, 1.190ರ ಆಸುಪಾಸು ಅರ್ಧ. ಪ್ರತಿ ಸೆಲ್ ಬೇರೆಯಾಗಿ ಅಳೆಯುವುದರಿಂದ ಯಾವ ಸೆಲ್ ಹಿಂದೆ ಬಿದ್ದಿದೆ ಎಂಬುದೂ ಗೊತ್ತಾಗುತ್ತದೆ.

ಶಂಟ್ ಮೀಟರ್ ಇಂದಿನ ದೋಣಿಗೆ ಅತ್ಯಂತ ಉಪಯುಕ್ತ. ನೆಗೆಟಿವ್ ತಂತಿಯ ದಾರಿಯಲ್ಲಿ ಶಂಟ್ ಕೂರಿಸಿದರೆ ಒಳಹೋದ, ಹೊರಬಂದ ಪ್ರತಿ ಆಂಪಿಯರಿನ ಲೆಕ್ಕ ಸಿಗುತ್ತದೆ. ವಿಕ್ಟ್ರಾನ್ ಕಂಪನಿಯ ಬಿಎಂವಿ-712, ಸ್ಮಾರ್ಟ್‌ಶಂಟ್ ಮುಂತಾದವು ಮೊಬೈಲ್‌ನಲ್ಲೂ ಈ ಅಂಕಿ ತೋರಿಸುತ್ತವೆ. ಎಲ್ಲ ನೆಗೆಟಿವ್ ತಂತಿಗಳೂ ಶಂಟ್ ದಾಟಿಯೇ ಬ್ಯಾಟರಿಗೆ ಬರಬೇಕು. ಸೋಲಾರ್‌ನ ಒಂದು ತಂತಿ ನೇರವಾಗಿ ಬ್ಯಾಟರಿಗೆ ಸೇರಿದ್ದರೂ ಲೆಕ್ಕ ಕೆಡುತ್ತದೆ.

ಈ ಮೀಟರಿನ ಶೇಕಡಾವಾರು ಅಂಕಿಯನ್ನು ಎಚ್ಚರದಿಂದ ಓದಿ. ಬ್ಯಾಂಕ್ ಇನ್ನೂ 440 ಎಎಚ್ ಇದೆ ಎಂದು ನೀವು ತುಂಬಿದ ಮಾಹಿತಿಯನ್ನೇ ಅದು ನಂಬುತ್ತದೆ. ಬ್ಯಾಟರಿ ಸವೆದು 250ಕ್ಕೆ ಇಳಿದಿದ್ದರೂ ಅದಕ್ಕೆ ಗೊತ್ತಾಗದು. ಟೇಲ್ ಕರೆಂಟ್ ಸೆಟ್ಟಿಂಗ್ ಸಡಿಲವಾಗಿದ್ದರೆ ತುಂಬುವ ಮೊದಲೇ 100 ಎಂದು ಘೋಷಿಸುತ್ತದೆ. ಅದರ ವೋಲ್ಟ್ ಮತ್ತು ಆಂಪಿಯರ್ ನಿಜ, ಶೇಕಡಾವಾರು ಅಂದಾಜು. ಮೀಟರ್ 75 ಎನ್ನುವಾಗ ವಿಶ್ರಾಂತಿಯ ವೋಲ್ಟೇಜ್ 12.1 ಇದ್ದರೆ ಬ್ಯಾಂಕಿನ ಸಾಮರ್ಥ್ಯ ಕುಗ್ಗಿದೆ ಎಂದೇ ತಿಳಿಯಿರಿ.

ಬ್ರಿಟನ್ನಿನ ಕಾಲುವೆಗಳಲ್ಲಿ ಸ್ಮಾರ್ಟ್‌ಗೇಜ್ ಎಂಬ ಮೀಟರಿಗೂ ಹೆಸರಿದೆ. ಎರಡೇ ತಂತಿ ಜೋಡಿಸಿದರೆ ವೋಲ್ಟೇಜ್ ಗಮನಿಸುತ್ತಲೇ ಕಲಿತು ಅಂದಾಜು ಹೇಳುತ್ತದೆ. ಖಾಲಿಯಾಗುವಾಗ ಇದರ ಮಾತು ನಂಬಬಹುದು, ಚಾರ್ಜ್ ಆಗುವಾಗ ಅಷ್ಟಿಲ್ಲ. ಲಿಥಿಯಂ ಬ್ಯಾಟರಿಗೆ ಇದು ಆಗದು.

ಅಭ್ಯಾಸ ಮಾಡಿಕೊಳ್ಳಬೇಕಾದ ಕ್ರಮ

ದಿನವೂ:
- ಬೆಳಿಗ್ಗೆ ಚಾರ್ಜ್ ಶುರುವಾಗುವ ಮೊದಲು ವೋಲ್ಟೇಜ್ ನೋಡಿ, ಪುಸ್ತಕದಲ್ಲಿ ಬರೆಯಿರಿ. 12.2ಕ್ಕಿಂತ ಕಡಿಮೆ ಇದ್ದರೆ ಅಂದು ಚಾರ್ಜ್ ಮಾಡಲೇಬೇಕು.
- ಎಂಜಿನ್ ನಿಲ್ಲಿಸುವ ಮುನ್ನ ಆಂಪಿಯರ್ ನೋಡಿ, ಅದನ್ನೂ ಬರೆಯಿರಿ.

ವಾರಕ್ಕೊಮ್ಮೆ:
- ಟೇಲ್ ಕರೆಂಟ್‌ಗೆ ಇಳಿಯುವವರೆಗೆ ಪೂರ್ತಿ ಚಾರ್ಜ್ ಮಾಡಿ.
- ಪೂರ್ತಿ ತುಂಬಿದಾಗ ಶಂಟ್ ಮೀಟರ್ 100ಕ್ಕೆ ಬಂದಿದೆಯೇ ನೋಡಿ, ಇಲ್ಲದಿದ್ದರೆ ಕೈಯಿಂದ ಸರಿಪಡಿಸಿ.

ತಿಂಗಳಿಗೊಮ್ಮೆ:
- ಮುಚ್ಚಳ ತೆರೆಯುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ನೀರನ್ನು ಚಾರ್ಜ್ ಮುಗಿದ ಮೇಲೆ ಹಾಕಿ. ಫಲಕ ಹೊರಗೆ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಬೇಕು. ಆಸಿಡ್ ಎಂದೂ ಸೇರಿಸಬೇಡಿ.
- ಟರ್ಮಿನಲ್ ಬಿಗಿಯಾಗಿವೆಯೇ, ತುಕ್ಕು ಇದೆಯೇ ನೋಡಿ.
- ತಯಾರಕರು ಒಪ್ಪಿದ್ದರೆ, ಮುಚ್ಚಳ ತೆರೆಯುವ ಬ್ಯಾಟರಿಗೆ ಮಾತ್ರ, ಅವರು ಹೇಳಿದ ಹೆಚ್ಚಿನ ವೋಲ್ಟೇಜ್‌ನಲ್ಲಿ ಈಕ್ವಲೈಸ್ ಮಾಡಿ. ಸಲ್ಫೇಟ್ ಹೊಸದಾಗಿದ್ದರೆ ಇದರಿಂದ ಸ್ವಲ್ಪ ಕರಗುತ್ತದೆ.

ಆರು ತಿಂಗಳಿಗೊಮ್ಮೆ ಬ್ಯಾಟರಿಗಳನ್ನು ಒಂದರಿಂದೊಂದು ಬೇರ್ಪಡಿಸಿ, ಒಂದು ರಾತ್ರಿ ಬಿಟ್ಟು, ಪ್ರತ್ಯೇಕವಾಗಿ ಅಳೆಯಿರಿ. ಉಳಿದವು 12.7 ಇದ್ದು ಒಂದು ಮಾತ್ರ 10.5 ಹತ್ತಿರ ಇದ್ದರೆ ಅದರ ಒಂದು ಸೆಲ್ ಸತ್ತಿದೆ. ಅದನ್ನು ಒಡನೆ ತೆಗೆಯಿರಿ. ಇಲ್ಲವಾದರೆ ಅದು ಮಿಕ್ಕವುಗಳ ಚಾರ್ಜನ್ನೂ ಹೀರುತ್ತದೆ.

ಲಿಥಿಯಂಗೆ ಬೇರೆ ಕಾನೂನು

ಈಗ ಬಹಳ ದೋಣಿಗಳು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬದಲಾಗುತ್ತಿವೆ. ಈ ರಸಾಯನವನ್ನು 1997ರ ಪ್ರಬಂಧದಲ್ಲಿ ಜಗತ್ತಿಗೆ ತಿಳಿಸಿದವರು ಪಾಧಿ, ನಂಜುಂಡಸ್ವಾಮಿ ಮತ್ತು ಮುಂದೆ 2019ರಲ್ಲಿ ನೊಬೆಲ್ ಪಡೆದ ಗುಡ್‌ಇನಫ್. ದೋಣಿಗೆ ಇದರ ದೊಡ್ಡ ಉಪಕಾರವೆಂದರೆ ಪೂರ್ತಿ ತುಂಬಲೇಬೇಕೆಂಬ ಹಟ ಇದಕ್ಕಿಲ್ಲ. ಶೇ. 30ರಿಂದ 80ರ ನಡುವೆ ವಾರಗಟ್ಟಲೆ ಇದ್ದರೂ ಸಲ್ಫೇಶನ್ ಭಯವಿಲ್ಲ. ಸಾಮರ್ಥ್ಯದ ಶೇ. 80ರಷ್ಟನ್ನು ಬಳಸಬಹುದು, ಸಾವಿರಾರು ಬಾರಿ ತುಂಬಿ ಖಾಲಿ ಮಾಡಬಹುದು.

ಎಚ್ಚರಿಕೆಗಳು ಬೇರೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್‌ಗಳಿಗೆ ಕಾಯಂ ಹಾನಿ. ಇದು ಕರೆಂಟನ್ನು ತಡೆಯಿಲ್ಲದೆ ನುಂಗುವುದರಿಂದ ಆಲ್ಟರ್ನೇಟರ್ ಕಾದು ಸುಡಬಹುದು. ಒಳಗಿನ ರಕ್ಷಣಾ ವ್ಯವಸ್ಥೆ, ಅಂದರೆ ಬಿಎಂಎಸ್, ಎಂಜಿನ್ ಓಡುವಾಗಲೇ ಸಂಪರ್ಕ ಕಡಿದರೆ ಆಲ್ಟರ್ನೇಟರಿನ ಡಯೋಡ್ ಹಾರಿಹೋಗಬಹುದು. ಎರಡಕ್ಕೂ ಮದ್ದು, ಸ್ಟಾರ್ಟರ್ ಬ್ಯಾಟರಿ ಮತ್ತು ಲಿಥಿಯಂ ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕುವುದು. ಹೆಚ್ಚಿನ ಅವಧಿ ಇದರ ವೋಲ್ಟೇಜ್ 13.1ರಿಂದ 13.3ರ ನಡುವೆ ಅಲುಗದೆ ಇರುವುದರಿಂದ ವೋಲ್ಟ್ ನೋಡಿ ಏನೂ ತಿಳಿಯದು. ಶಂಟ್ ಇಲ್ಲದೆ ಲಿಥಿಯಂ ಹಾಕಬೇಡಿ. ಹಾಕಿಸುವ ಮುನ್ನ ದೋಣಿಯ ವಿಮೆದಾರರಿಗೂ ತಿಳಿಸಿ.

ಜೀವದ ಎಚ್ಚರಿಕೆ

ಚಾರ್ಜ್ ಆಗುವ ಲೆಡ್ ಆಸಿಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ. 4 ಆದರೆ ಕಿಡಿ ತಗುಲಿದರೆ ಸಿಡಿಯುತ್ತದೆ. ಬ್ಯಾಟರಿ ಪೆಟ್ಟಿಗೆಗೆ ಮೇಲ್ಭಾಗದಲ್ಲಿ ಗಾಳಿಕಿಂಡಿ ಇರಲಿ, ಹತ್ತಿರ ಸಿಗರೇಟು, ಗ್ರೈಂಡರ್ ಬೇಡ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗುತ್ತಿದೆ ಅಥವಾ ಸೆಲ್ ಸತ್ತು ಕುದಿಯುತ್ತಿದೆ. ಅದು ವಿಷಾನಿಲ. ಬ್ಯಾಟರಿಯಿಂದ ದೂರವಿರುವ ಸ್ವಿಚ್ಚಿನಿಂದ ಚಾರ್ಜ್ ನಿಲ್ಲಿಸಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಬ್ಯಾಟರಿಯ ಅನಿಲಕ್ಕೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗುವುದೂ ಉಂಟು. ಹಾಗೆಂದು ಅಲಾರಂ ಕೂಗಿದಾಗ ಬ್ಯಾಟರಿಯದೇ ಇರಬೇಕು ಎಂದು ಕೂರಬೇಡಿ. ಮೊದಲು ಎಲ್ಲರೂ ಹೊರಗೆ, ಕಾರಣ ಹುಡುಕುವುದು ಆಮೇಲೆ. ಪೆಟ್ರೋಲ್ ಜನರೇಟರನ್ನು ದೋಣಿಯೊಳಗಾಗಲಿ, ಮುಚ್ಚಿದ ಡೆಕ್‌ನಲ್ಲಾಗಲಿ ಎಂದೂ ಓಡಿಸಬೇಡಿ.

ಬ್ಯಾಟರಿಗೆ ಕೈ ಹಾಕುವ ಮೊದಲು ಉಂಗುರ, ಕೈಗಡಿಯಾರ, ಬಳೆ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯದಿದ್ದರೂ, ಸ್ಪ್ಯಾನರ್ ಅಥವಾ ಉಂಗುರ ಎರಡು ಟರ್ಮಿನಲ್‌ಗೆ ತಗುಲಿದರೆ ಕ್ಷಣದಲ್ಲಿ ಕೆಂಡವಾಗುತ್ತದೆ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ಚೆಲ್ಲಿದ ಆಸಿಡ್‌ಗೆ ಅಡುಗೆ ಸೋಡಾ ಹಾಕಿ. ಬ್ಯಾಟರಿ ಅಲುಗದಂತೆ ಕಟ್ಟಿರಬೇಕು, ಟರ್ಮಿನಲ್‌ಗಳಿಗೆ ಮುಚ್ಚಳ ಇರಬೇಕು, ಹತ್ತಿರದಲ್ಲೇ ಸರಿಯಾದ ಫ್ಯೂಸ್ ಇರಬೇಕು. ನಾಲ್ಕು ವರ್ಷಕ್ಕೊಮ್ಮೆ ಬೇಕಾಗುವ ಬೋಟ್ ಸೇಫ್ಟಿ ಸ್ಕೀಮ್ ಪ್ರಮಾಣಪತ್ರದ ತಪಾಸಣೆಯಲ್ಲಿ ಬ್ಯಾಟರಿಯ ಜೋಡಣೆಯನ್ನೂ ನೋಡುತ್ತಾರೆ. ದಡದ 230 ವೋಲ್ಟ್ ಜೋಡಿಸುವ ದೋಣಿಗೆ ಗ್ಯಾಲ್ವನಿಕ್ ಐಸೊಲೇಟರ್ ಇದೆಯೇ ಎಂದು ನೋಡಿ. ಅದಿಲ್ಲದಿದ್ದರೆ ಪಕ್ಕದ ದೋಣಿಗಳೊಡನೆ ಭೂತಂತಿಯ ಮೂಲಕ ಕರೆಂಟ್ ಹರಿದು, ನಿಮ್ಮ ಉಕ್ಕಿನ ತಳ ಬೇಗ ಸವೆಯುತ್ತದೆ. 230 ವೋಲ್ಟ್ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಮೊದಲು ಮೀಟರ್, ಆಮೇಲೆ ಬ್ಯಾಟರಿ

ಬ್ರಿಟನ್ನಿನಲ್ಲಿ ದೋಣಿ ಕೊಳ್ಳುವ ಯೋಚನೆಯಲ್ಲಿರುವ ಕನ್ನಡಿಗರಿಗೆ ಒಂದು ಕಿವಿಮಾತು. ಹಳೆಯ ದೋಣಿ ನೋಡಲು ಹೋದಾಗ ಬ್ಯಾಟರಿ ಎಷ್ಟು ಹೊಸದು ಎಂದು ಕೇಳುವುದರ ಜೊತೆಗೆ, ಅದನ್ನು ಹೇಗೆ ಚಾರ್ಜ್ ಮಾಡುತ್ತಿದ್ದರು, ಯಾವ ಮೀಟರ್ ನೋಡುತ್ತಿದ್ದರು ಎಂದು ಕೇಳಿ. ಉತ್ತರ ಸ್ಪಷ್ಟವಾಗಿ ಬಾರದಿದ್ದರೆ ಆ ಬ್ಯಾಟರಿಗಳು ಹೋಗಿವೆ ಎಂದೇ ಲೆಕ್ಕ ಹಾಕಿ ಬೆಲೆ ಮಾತಾಡಿ.

ಬ್ಯಾಟರಿ ಕೈಕೊಟ್ಟಾಗ ಹೊಸದನ್ನು ತಂದು ಅದೇ ರೀತಿ ಬಳಸಿದರೆ ಅದೂ ಅಷ್ಟೇ ದಿನದಲ್ಲಿ ಸಾಯುತ್ತದೆ. ಹೊಸ ಬ್ಯಾಂಕಿಗೆ ಹಣ ಹಾಕುವ ಮುನ್ನ ಒಂದು ಒಳ್ಳೆಯ ಶಂಟ್ ಮೀಟರ್ ಹಾಕಿಸಿ, ಒಂದು ತಿಂಗಳು ಅಂಕಿ ಬರೆದಿಡಿ. ನಿಮ್ಮ ಖರ್ಚು ಎಷ್ಟು, ಚಾರ್ಜ್ ಎಷ್ಟು, ಕೊನೆಯ ಪಾಲು ಎಷ್ಟು ದಿನ ತುಂಬದೆ ಉಳಿಯಿತು ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ. ಹೊಸ ಬ್ಯಾಟರಿ ಬೇಕೇ, ಇನ್ನೊಂದು ಸೋಲಾರ್ ಫಲಕ ಬೇಕೇ, ಅಥವಾ ಇನ್ವರ್ಟರ್ ಆರಿಸಿಡುವ ಅಭ್ಯಾಸವೇ ಸಾಕೇ ಎಂದು ಅದಾದ ಮೇಲೆ ತೀರ್ಮಾನಿಸಿ.